ನಡುದಾರಿಯ ಕೀಲಿ

“ಏನೋ ಟ್ರೆವರ್, ಇಷ್ಟು ಬೇಗ ಬಂದ್ಬಿಟ್ಟೆ!” ಎಂದು ನಾರ್ಮನ್ ಕೈಯೆತ್ತಿ ಕೂಗಿದ್ದು ಒಂದು ಕಲ್ಲಿಗೆ.

ಎದೆಮಟ್ಟದ ಹಳೆಯ ಗಡಿಕಲ್ಲು ಅದು. ನಲವತ್ತು ಹೆಜ್ಜೆ ದೂರವೂ ಇರಲಿಲ್ಲ. ಯಾರ್ಕ್‌ಷೈರಿನ ಆ ಬೋಳುಗುಡ್ಡದ ಮೇಲೆ ಮಂಜಿಲ್ಲದ ದಿನ ಸಿಗುವುದೇ ಅಪರೂಪ. ಇವತ್ತು ನೋಡಿದರೆ ಮೈಲಿಗಟ್ಟಲೆ ದೂರದ ಕುರಿಗಳನ್ನೂ ಎಣಿಸಬಹುದಿತ್ತು. ಹಿಂದೆ ಬರುತ್ತಿದ್ದ ಬೆರಿಲ್ ನಿಂತುಬಿಟ್ಟಳು.

“ಅದು ಕಲ್ಲು, ನಾರ್ಮನ್.”

“ಗೊತ್ತು ಕಣೇ. ತಮಾಷೆಗೆ ಕರೆದೆ. ಒಂಟಿಯಾಗಿ ನಿಂತು ನಿಂತು ಅದಕ್ಕೂ ಬೇಜಾರಾಗಿರುತ್ತೆ, ಪಾಪ.”

ಬೆರಿಲ್‌ಗೆ ನಗು ಬರಲಿಲ್ಲ. ಕೈಕುಲುಕಲೆಂದು ಗಂಡ ಊರುಗೋಲನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡಿದ್ದನ್ನು ಅವಳು ನೋಡಿದ್ದಳು. ತಮಾಷೆ ಮಾಡುವವನು ಅಷ್ಟೆಲ್ಲ ತಯಾರಿ ಮಾಡುವುದಿಲ್ಲ.

ಅವನ ದೃಷ್ಟಿ ಮಂದವಾಗಿರುವುದು ಹೊಸ ಸಂಗತಿಯೇನಲ್ಲ. ಎರಡು ವರ್ಷದಿಂದ ಅವಳು ಪಕ್ಕದ ಸೀಟಿನಲ್ಲಿ ಕೂತು “ಕೆಂಪು ದೀಪ”, “ಎಡಕ್ಕೆ ಸೈಕಲ್ಲು”, “ಮುಂದೆ ಕುರಿ” ಎಂದು ಒದರುತ್ತ ಬಂದಿದ್ದಳು. “ಬಾಯಿಗೆ ಸ್ವಲ್ಪ ಬಿಡುವು ಕೊಡೇ” ಎಂದು ಅವನು ರೇಗುತ್ತಿದ್ದ. ರೇಗುತ್ತಲೇ ಬ್ರೇಕು ಒತ್ತುತ್ತಿದ್ದ. ಇಬ್ಬರೂ ಅದನ್ನು ಹೆಂಗಸಿನ ವಟವಟ ಎಂದೇ ತೇಲಿಸಿಬಿಟ್ಟಿದ್ದರು. ತೇಲಿಸದೆ ಗತಿಯಿರಲಿಲ್ಲ. ಆರು ವರ್ಷದ ಹಿಂದೆ ಲೀಡ್ಸಿನ ಮನೆ ಮಾರಿ, ಒಲೆ, ಹಾಸಿಗೆ, ಬಚ್ಚಲು ಎಲ್ಲವೂ ಒಳಗೇ ಇರುವ ಮನೆಗಾಡಿ ಕೊಂಡಿದ್ದರು. ಈಗ ಇದ್ದದ್ದು ಅದೊಂದೇ ಮನೆ. ಮುಂದಿನ ತಿಂಗಳು ನಾರ್ಮನ್‌ಗೆ ಎಪ್ಪತ್ತು ತುಂಬುತ್ತದೆ. ಆಮೇಲೆ ಅಷ್ಟು ದೊಡ್ಡ ಗಾಡಿ ಓಡಿಸಬೇಕಾದರೆ ವೈದ್ಯರು ಕಣ್ಣು ನೋಡಿ ಬರೆದುಕೊಡಬೇಕು. ಅದಕ್ಕೆಂದು ಬಂದಿದ್ದ ಅರ್ಜಿ ಚಮಚದ ಡ್ರಾಯರಿನ ತಳ ಸೇರಿ ತಿಂಗಳಾಗಿತ್ತು. ಅವನು ಓಡಿಸದಿದ್ದರೆ ಮನೆ ಯಾವುದೋ ಬಯಲಲ್ಲಿ ನಿಂತ ಹಾಗೇ. ಆದರೂ ಕಲ್ಲೊಂದು ಟ್ರೆವರ್ ಆಗಿ ಕಾಣುವಷ್ಟು ಕೆಟ್ಟಿದೆಯೆಂದು ಅವಳು ಎಣಿಸಿರಲಿಲ್ಲ.

ಇಂಥದೇ ಮನೆಗಾಡಿಗಳಿದ್ದ ಅವರ ಗೆಳೆಯರ ಬಳಗದವರು ಗುಡ್ಡದ ಮೇಲಿನ ಆ ಉದ್ದದ ಕಾಲುಹಾದಿಯನ್ನು ದಿನಕ್ಕೊಂದು ತುಂಡಿನಂತೆ ನಡೆಯುತ್ತಿದ್ದರು. ನಡೆದು ಮುಗಿಸಿದ ಮೇಲೆ ಗಾಡಿಗಾಗಿ ಹಿಂದೆ ಹೋಗುವಂತಾಗಬಾರದಲ್ಲ, ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಒಂದು ಜೋಡಿ ಈ ತುದಿಯಿಂದ, ಇನ್ನೊಂದು ಜೋಡಿ ಆ ತುದಿಯಿಂದ ಹೊರಡುವುದು. ನಡುದಾರಿಯಲ್ಲಿ ಸೇರಿ ಕೀಲಿ ಬದಲಾಯಿಸಿಕೊಳ್ಳುವುದು. ತುದಿ ಮುಟ್ಟಿದ ಮೇಲೆ ಎದುರು ಜೋಡಿಯ ಗಾಡಿ ಓಡಿಸಿಕೊಂಡು ಸಂಜೆ ಬಿಡಾರಕ್ಕೆ ಬರುವುದು. ಇವತ್ತು ಆ ತುದಿಯಿಂದ ಹೊರಟಿದ್ದವರು ಟ್ರೆವರ್ ಮತ್ತು ಅವನ ಹೆಂಡತಿ ಗ್ಲೆನಿಸ್. ಗ್ಲೆನಿಸ್ ಗಾಡಿ ಕಲಿತವಳಲ್ಲ. ಅವಳೊಬ್ಬಳನ್ನು ಬಿಟ್ಟು ಉಳಿದ ಮೂವರ ಹೆಸರೂ ಎರಡು ಗಾಡಿಗಳ ವಿಮೆಯಲ್ಲಿದ್ದವು. ಬೆರಿಲ್ ಹೆಸರು ಇದ್ದದ್ದು ಕಾಗದದಲ್ಲಿ ಮಾತ್ರ. ಹನ್ನೊಂದು ವರ್ಷದಿಂದ ಅವಳು ಸ್ಟೇರಿಂಗ್ ಮುಟ್ಟಿರಲಿಲ್ಲ.

ಮಧ್ಯಾಹ್ನ ಹಳೆಯ ಕಲ್ಲುಶಿಲುಬೆಯ ಬುಡದಲ್ಲಿ ನಿಜವಾದ ಟ್ರೆವರ್ ಸಿಕ್ಕಿದ. ಗ್ಲೆನಿಸ್ ಬೂಟು ಬಿಚ್ಚಿ ಕೂತಿದ್ದಳು. ಮಂಡಿ ಬನ್ನಿನಂತೆ ಊದಿತ್ತು.

“ನೀವು ಬಂದ ಕಡೆ ಕಡಿದಾದ ಇಳಿಜಾರು, ಇವಳ ಕೈಲಿ ಆಗಲ್ಲ,” ಎಂದ ಟ್ರೆವರ್. “ನಾವು ಬಂದಿದ್ದು ಹಳೇ ರೈಲು ಹಾದಿ, ಪೂರಾ ಸಮತಟ್ಟು. ನಾರ್ಮನ್, ಇವಳು ನಿನ್ ಜೊತೇಲೇ ಆ ಹಾದೀಲಿ ವಾಪಸ್ ಹೋಗ್ಲಿ, ನೀನು ನನ್ ಗಾಡಿ ಓಡಿಸ್ಕೊಂಡು ಬಾ. ನನ್ ಗಾಡೀಲಿ ಇರೋದು ಎರಡೇ ಸೀಟು, ಬೆರಿಲ್ ನನ್ ಜೊತೆ ಬರ್ಲಿ. ನಿಮ್ಮ ಗಾಡಿ ನಾನು ತರ್ತೀನಿ.”

“ನಲವತ್ತು ವರ್ಷ ಆದ್ಮೇಲೆ ಒಂದು ಸಂಜೆಗಾದ್ರೂ ಗಂಡ ಬದಲಾದ್ನಲ್ಲ,” ಎಂದಳು ಗ್ಲೆನಿಸ್. “ಬೆರಿಲ್, ನಿಂದೇನೂ ತಕರಾರಿಲ್ವಲ್ಲ?”

ನಾರ್ಮನ್ ತನ್ನ ಕೀಲಿ ಕೊಟ್ಟು ಟ್ರೆವರ್‌ನದನ್ನು ಈಸಿಕೊಂಡ. ತಲೆನೋವು ಎನ್ನುತ್ತಾನೆ, ಇನ್ನೇನಾದರೂ ನೆಪ ತೆಗೆಯುತ್ತಾನೆ ಎಂದು ಬೆರಿಲ್ ಕಾದಳು. ಅವನು ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತು, ಗ್ಲೆನಿಸ್ ಕಡೆ ತಿರುಗಿದ.

“ದಾರೀಲಿ ಸುಮ್ನೆ ಕೂರ್ಬೇಡ ಆಯ್ತಾ? ಬೆರಿಲ್ ಮಾತಾಡ್ತಾನೇ ಇರ್ತಾಳೆ, ನಂಗದೇ ಅಭ್ಯಾಸ ಆಗ್ಹೋಗಿದೆ. ದೀಪ, ತಿರುವು, ರಸ್ತೆ ದಾಟೋರು... ಏನ್ ಕಂಡ್ರೂ ಹೇಳ್ತಾ ಇರು.”

“ಮಾತಾಡು ಅಂತ ಇದುವರೆಗೂ ಯಾವ ಗಂಡಸೂ ನನ್ನನ್ನ ಕೇಳಿಲ್ಲಪ್ಪಾ!” ಗ್ಲೆನಿಸ್ ಗೊಳ್ಳೆಂದು ನಕ್ಕಳು. “ಆದ್ರೆ ಗಾಡಿ ಹೊರಟು ಐದು ನಿಮಿಷಕ್ಕೆ ನಂಗೆ ನಿದ್ದೆ. ಬೇಕಾದ್ರೆ ಇವನನ್ನೇ ಕೇಳು.”

ಅಂದರೆ ನಾರ್ಮನ್‌ಗೆ ಎಲ್ಲ ಗೊತ್ತಿತ್ತು. ಅವಳ ದನಿಯನ್ನೇ ನಂಬಿಕೊಂಡು ಇಷ್ಟು ದಿನ ಇಬ್ಬರ ಜೀವವನ್ನೂ ಹೆದ್ದಾರಿಗೆ ಇಳಿಸುತ್ತಿದ್ದ. ಬೆರಿಲ್‌ಗೆ ಸಿಟ್ಟು ನೆತ್ತಿಗೇರಿತು. ಅವನ ಮೇಲಿದ್ದಷ್ಟೇ ಸಿಟ್ಟು ತನ್ನ ಬಾಯಿಯ ಮೇಲೂ ಇತ್ತು. ಮೊದಲ ದಿನವೇ ಸುಮ್ಮನಿದ್ದಿದ್ದರೆ ಅವನು ಅಂದೇ ಗಾಡಿ ನಿಲ್ಲಿಸುತ್ತಿದ್ದನೇನೋ.

ಅವಳು ಕೈ ಚಾಚಿದಳು. “ಕೀಲಿ ಇಲ್ಲಿ ಕೊಡು.”

“ಬೆರಿಲ್...” ನಾರ್ಮನ್‌ನ ದನಿ ತಗ್ಗಿತು. “ಇವರ ಮುಂದೆ ಬೇಡ. ಮನೆಗೆ ಹೋಗಿ ಮಾತಾಡೋಣ.”

“ಮನೆ ಓಡಿಸ್ಕೊಂಡು ಬರೋನು ಟ್ರೆವರ್. ನೀನು ಅವನ ಪಕ್ಕ ಕೂತ್ಕೊಂಡು ಬಾ. ಗ್ಲೆನಿಸ್‌ನ ನಾನು ಕರ್ಕೊಂಡು ಬರ್ತೀನಿ. ಕೊಡು.”

ಅವನು ಕೊಟ್ಟ. ಟ್ರೆವರ್ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದ. ಬೂಟಿನ ದಾರ ಕಟ್ಟುತ್ತಿದ್ದ ಗ್ಲೆನಿಸ್ ಮಾತ್ರ ಕೈ ನಿಲ್ಲಿಸಿದಳು.

“ಅಲ್ಲ ಬೆರಿಲ್, ತಪ್ಪು ತಿಳ್ಕೋಬೇಡ. ನಮ್ದು ದೊಡ್ಡ ಗಾಡಿ. ಅಂಥದ್ದನ್ನ ನೀನು ಯಾವತ್ತು ಓಡಿಸಿದ್ದೆ?”

“ಎರಡು ವರ್ಷದಿಂದ ನಾನೇ ಓಡಿಸ್ತಿದೀನಿ,” ಎಂದಳು ಬೆರಿಲ್. “ಸ್ಟೇರಿಂಗ್ ಮಾತ್ರ ಇವನ ಕೈಲಿತ್ತು.”