ಹನ್ನೆರಡು ತಾಸಿನ ಡೀಸೆಲ್

ಮೀನಿನ ಹಿಂಡಿನ ಬೆನ್ನು ಹತ್ತಿ ಮೂರು ದಿನ ಪಡುವಣಕ್ಕೆ ಓಡಿದ್ದ ಸಣ್ಣ ಬೋಟು ಕೊನೆಗೂ ಊರಿನ ಕಡೆ ತಿರುಗಿತ್ತು. ಸಿಡಿಲು ಬಡಿದು ಜಿಪಿಎಸ್ಸೂ ವೈರ್‌ಲೆಸ್ಸೂ ಸತ್ತುಹೋಗಿದ್ದವು. ಇನ್ನು ದಿಕ್ಸೂಚಿಯೇ ಗತಿ.

ಬೆಳಿಗ್ಗೆ ಎಂಜಿನ್ ನೋಡಿಕೊಳ್ಳುವ ಜಟ್ಟಪ್ಪ ಟ್ಯಾಂಕಿಗೆ ಕೋಲು ಇಳಿಸಿ ನೋಡಿದವನೇ ಬೆವತುಬಿಟ್ಟ. ತಾಸಿಗೆ ಹತ್ತು ಲೀಟರ್ ಕುಡಿಯುವ ಎಂಜಿನ್ನಿಗೆ ಉಳಿದದ್ದು ನೂರಿಪ್ಪತ್ತೇ ಲೀಟರ್. ಚುಕ್ಕಾಣಿ ಹಿಡಿದಿದ್ದ ಮುದಿ ತಾಂಡೇಲನ ಬಳಿ ಹೋಗಿ ಪಿಸುಗುಟ್ಟಿದ:

"ಡೀಸೆಲ್ ಹನ್ನೆರಡು ತಾಸಿಗಷ್ಟೇ ಬರ್ತದೆ."

ತಾಂಡೇಲ ದಿಕ್ಸೂಚಿಯತ್ತ ಒಮ್ಮೆ ಕಣ್ಣು ಹಾಯಿಸಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಕೂಗಿದ: "ಇನ್ನು ಹತ್ತೇ ತಾಸು, ಮಕ್ಕಳೇ! ಸಂಜೆಗೆ ದಡ."

ಸತ್ತವರಂತೆ ಬಿದ್ದಿದ್ದ ಉಳಿದ ನಾಲ್ವರು ಮೀನುಗಾರರೂ ಎದ್ದು ಕೂತರು. ಒಬ್ಬ ಹಾಡು ಗುನುಗಿದ. ಇನ್ನೊಬ್ಬ ಖುಷಿಯಲ್ಲಿ ಕುಡಿಯುವ ನೀರಿನ ಕ್ಯಾನ್ ಎತ್ತಿ ಮುಖ ತೊಳೆಯಹೋದ.

"ನೀರು ಮುಟ್ಟಬೇಡ!" ತಾಂಡೇಲ ಗದರಿದ ರಭಸಕ್ಕೆ ಅವನ ಕೈಯಿಂದ ಕ್ಯಾನ್ ಜಾರಿತು.

ಜಟ್ಟಪ್ಪನಿಗೆ ನಗು ಬಂತು. ಜೀವ ಹಗುರಾಗಿತ್ತು. ಮತ್ತೆ ಮುದುಕನ ಹತ್ತಿರ ಹೋಗಿ ನಿಂತ.

"ಹತ್ತು ತಾಸಿನ ದಾರಿಗೆ ಇಷ್ಟು ಹಿಡಿತ ಯಾಕೆ, ತಾಂಡೇಲರೇ? ಎರಡು ತಾಸಿನ ಡೀಸೆಲ್ ಮಿಗ್ತದಲ್ಲ."

ದಿಕ್ಸೂಚಿಯಿಂದ ಕಣ್ಣು ತೆಗೆಯದೆ ಮುದುಕ ಹೇಳಿದ:

"ಮೆಲ್ಲಗೆ ಮಾತಾಡು. ನೀನು ಹನ್ನೆರಡು ಅಂದದ್ದಕ್ಕೆ ನಾನು ಹತ್ತು ಅಂದೆ. ದಡ ಇನ್ನೂ ಮೂವತ್ತು ತಾಸು ದೂರ ಇದೆ."