ಹಾಜರಿ

ಸರ್ಕಾರಿ ಶಾಲೆಯ ಕಿಟಕಿಯ ಅಂಚಿನ ಮೇಲೆ ಬೆರಳಾಡಿಸಿದ ದಿಯೊಲಿಂಡಾ, ಆ ಬೆರಳನ್ನು ಸೊಸೆಯ ಮೂಗಿನ ಹತ್ತಿರ ಹಿಡಿದಳು.

"ಧೂಳು."

"ಕಂಡಿತು ಅತ್ತೆ," ಅಂದಳು ನಟೇರ್ಸಿಯ. "ನಮ್ಮನೇಲೂ ಇದೆ."

"ನಮ್ಮನೇಲಿ ಇಪ್ಪತ್ತೇಳು ಮಕ್ಕಳನ್ನ ಕೂಡಿಹಾಕಿಲ್ಲ."

ಮುದುಕಿ ಬಂದದ್ದೇ ತಪ್ಪು ಹುಡುಕುವುದಕ್ಕೆ. ಅಮೆರಿಕದ ನ್ಯೂ ಬೆಡ್‌ಫರ್ಡ್ ಬಂದರಿನ ಮೀನು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮೀನು ಸೀಳಿದ ಕೈ ಅವಳದು. ಮುಳ್ಳು ಎಲ್ಲಿದೆ ಎಂದು ಆ ಬೆರಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೊಮ್ಮಗಳು ಈರಿಸ್ ಒಂದನೇ ತರಗತಿಗೆ ಸೇರಬೇಕಾದದ್ದು ಚರ್ಚಿನ ಖಾಸಗಿ ಶಾಲೆಗೆ, ಅದರಲ್ಲಿ ಅವಳದು ಎರಡು ಮಾತಿಲ್ಲ. ಮಗ ಲೂಸಿಯೊ ಓದಿದ್ದು ಅಲ್ಲಿ. ಆ ಶಾಲೆಯ ಗೋಡೆಯ ಮೇಲೆ ಎಂಟನೇ ತರಗತಿಯ ಲೂಸಿಯೊ ಹಲ್ಲು ಕಿರಿದು ನಿಂತಿರುವ ಫೋಟೊ ಇವತ್ತಿಗೂ ಇದೆ. ಈರಿಸ್‌ಗೆ ಸಮವಸ್ತ್ರದ ಚೌಕಳಿ ಲಂಗವನ್ನು ಆಗಲೇ ತಂದು, ಮೂರು ವರ್ಷ ಬೆಳೆದರೂ ಬಿಚ್ಚಿ ಉದ್ದ ಮಾಡುವಷ್ಟು ಅಂಚು ಒಳಗೆ ಮಡಿಸಿ ಹೊಲಿದಿಟ್ಟಿದ್ದಳು. ಭರ್ತಿ ಮಾಡಿದ ಅರ್ಜಿ ಕೈಚೀಲದಲ್ಲಿತ್ತು. ಮಧ್ಯಾಹ್ನದೊಳಗೆ ಕೊಡದಿದ್ದರೆ ಆ ಜಾಗ ಬೇರೆ ಮಗುವಿಗೆ ಹೋಗುತ್ತಿತ್ತು. ಉಳಿದಿದ್ದದ್ದು ಸೊಸೆಯ ಸಹಿ ಮಾತ್ರ. ಬೀದಿಯ ಮಕ್ಕಳೆಲ್ಲ ಹೋಗುವ ಶಾಲೆಯನ್ನು ಒಮ್ಮೆ ನೋಡಿಬರೋಣ, ಆಮೇಲೆ ಸಹಿ ಎಂದು ಸೊಸೆ ಹಟ ಹಿಡಿದಿದ್ದಳು.

ಟೀಚರ್ ಮಿಸ್ ಟವಾರಿಸ್ ಅತ್ತೆ, ಸೊಸೆ, ಈರಿಸ್ ಮೂವರನ್ನೂ ಒಂದನೇ ತರಗತಿಯ ಹಿಂದಿನ ಸಾಲಿನಲ್ಲಿ ಕೂರಿಸಿದರು. ಮಕ್ಕಳ ಕುರ್ಚಿ, ದಿಯೊಲಿಂಡಾಳ ಮಂಡಿ ಗಲ್ಲಕ್ಕೆ ತಾಗುವುದೊಂದು ಬಾಕಿ. "ಇದರಿಂದ ನನ್ನ ಎಬ್ಬಿಸೋಕೆ ಬಂದರಿನ ಕ್ರೇನೇ ಬರ್ಬೇಕು," ಎಂದು ಗೊಣಗಿದಳು. ಕೋಣೆಯ ತುಂಬ ಸಂತೆಯ ಗದ್ದಲ. ಒಬ್ಬ ಬೂಟು ಬಿಚ್ಚಿ ಒಳಗೆ ಇಣುಕಿ ನೋಡುತ್ತಿದ್ದ. ಎರಡು ಜಡೆಯ ಹುಡುಗಿಯೊಬ್ಬಳು ಮೇಜಿನ ಕೆಳಗೇ ಬಿಡಾರ ಹೂಡಿದ್ದಳು. ದಿಯೊಲಿಂಡಾ ಸೊಸೆಯ ಕಡೆ ತಿರುಗಿ ಹುಬ್ಬೇರಿಸಿದಳು. ಇನ್ನು ಹೇಳುವುದೇನಿದೆ ಎಂಬಂತೆ ಕೈಚೀಲದಿಂದ ಪೆನ್ನನ್ನೂ ತೆಗೆದಳು.

ಟೀಚರ್ ಹಾಜರಿ ಕರೆಯತೊಡಗಿದರು.

"ನೂನೊ."

"ಇದ್ದೀನಿ."

"ಕೆಜಾಯ."

"ಇದ್ದೀನಿ," ಅಂದಿತು ಮೇಜಿನ ಕೆಳಗಿನ ದನಿ.

"ವಿಲ್ಮರ್."

"ಇದ್ದಾನೆ."

ಇಡೀ ತರಗತಿ ಒಟ್ಟಿಗೆ ಹೇಳಿತು. ಬೂಟು ಬಿಚ್ಚಿದವನೂ ತಲೆ ಎತ್ತಿ ಹೇಳಿದ. ಯಾರೂ ಕಿರುಚಲಿಲ್ಲ, ಯಾರೂ ನಗಲಿಲ್ಲ. ಟೀಚರ್ ತಲೆಯಾಡಿಸಿ ಮುಂದಿನ ಹೆಸರಿಗೆ ಹೋದರು. ದಿಯೊಲಿಂಡಾ ಕತ್ತು ಉದ್ದ ಮಾಡಿ ವಿಲ್ಮರನನ್ನು ಹುಡುಕಿದಳು. ಕಿಟಕಿಯ ಪಕ್ಕದ ಕುರ್ಚಿ ಖಾಲಿಯಿತ್ತು. ಅದರ ಮುಂದೆ, ಮೇಜಿನ ಮೇಲೆ, ಆಗತಾನೆ ಚೂಪು ಮಾಡಿದ ಒಂದು ಪೆನ್ಸಿಲ್ ಇತ್ತು.

ಮಕ್ಕಳು ಆಟಕ್ಕೆ ಓಡಿದ ಮೇಲೆ ಅವಳು ಟೀಚರನ್ನು ತಡೆದು ನಿಲ್ಲಿಸಿದಳು. "ಆ ಹುಡುಗ ಎಲ್ಲಿ?"

"ಬಾಸ್ಟನ್ನಿನ ಆಸ್ಪತ್ರೇಲಿ ಅಮ್ಮಾ. ರಕ್ತದ ಕಾಯಿಲೆ. ಎರಡೂವರೆ ತಿಂಗಳಾಯ್ತು."

"ಹಾಗೆ ಅನ್ನೋಕೆ ನೀವು ಹೇಳ್ಕೊಟ್ರಾ?"

"ಇಲ್ಲ. ಅವನು ಬರದ ಮೊದಲ್ನೇ ದಿನ ಬಂದಿಲ್ಲ ಅಂತ ಬರ್ಕೊಳ್ಳೋಕೆ ಹೋದೆ. ಮೇಜಿನ ಕೆಳಗಿದ್ಲಲ್ಲ ಕೆಜಾಯ, ಅವಳು 'ಇದ್ದಾನೆ' ಅಂದ್ಲು. ಮಾರನೇ ದಿನ ನಾಲ್ಕು ಜನ ಅಂದ್ರು. ಆ ವಾರ ಮುಗಿಯೋ ಹೊತ್ತಿಗೆ ಎಲ್ರೂ. ಪೆನ್ಸಿಲ್ ಚೂಪು ಮಾಡಿಡೋದು ಯಾರು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ."

"ಹುಡುಗ ಉಳೀತಾನಾ?"

"ಅದೂ ಗೊತ್ತಿಲ್ಲ ಅಮ್ಮಾ."

ದಿಯೊಲಿಂಡಾ ಆ ಖಾಲಿ ಕುರ್ಚಿಯ ಕಡೆ ಮತ್ತೊಮ್ಮೆ ನೋಡಿದಳು. ಅರವತ್ತು ವರ್ಷ ಒಂದು ಭಾನುವಾರವೂ ತಪ್ಪದೆ ಚರ್ಚಿನಲ್ಲಿ ಮಂಡಿಯೂರಿದವಳು ಅವಳು. ಆಗಲೂ ಇಂಥ ಬೆರಗು ಅವಳನ್ನು ಹಿಡಿದು ನಿಲ್ಲಿಸಿದ್ದು ನೆನಪಿಲ್ಲ. ಮೂಗು ಸೋರುವ, ಬೂಟಿನ ದಾರ ಕಟ್ಟಿಕೊಳ್ಳಲು ಬಾರದ ಈ ಮಕ್ಕಳಿಗೆ ಇದನ್ನು ಯಾರು ಕಲಿಸಿದರು? ಕೈಯಲ್ಲಿದ್ದ ಪೆನ್ನನ್ನು ಅವಳು ಚೀಲಕ್ಕೆ ಹಾಕಿಕೊಂಡಳು.

ನಟೇರ್ಸಿಯ ಕಾರು ಹೊರಡಿಸಿದಳು. ಸಿಗ್ನಲ್ ಬಳಿ ಕೆಂಪು ದೀಪ ಬಿತ್ತು. ಎಡಕ್ಕೆ ಚರ್ಚಿನ ಶಾಲೆ, ನೇರ ಹೋದರೆ ಮನೆ.

"ನೋಡಿಯಾಯ್ತು. ನಾನಿನ್ನು ಜಗಳ ಆಡಲ್ಲ ಅತ್ತೆ," ಅಂದಳು ನಟೇರ್ಸಿಯ. "ಎಡಕ್ಕೆ ತಿರುಗಿಸ್ಲಾ, ನೇರ ಹೋಗ್ಲಾ? ನೀವೇ ಹೇಳಿ."

ದಿಯೊಲಿಂಡಾ ಚೀಲವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದು ಕೂತಳು. ಹಿಂದಿನ ಸೀಟಿನಿಂದ ಈರಿಸ್, ಥೇಟ್ ಟೀಚರ ಗತ್ತಿನಲ್ಲಿ ಕರೆದಳು:

"ಅಮ್ಮ."

"ಇದ್ದೀನಿ," ಅಂದಳು ನಟೇರ್ಸಿಯ.

"ಅಜ್ಜಿ."

"ಎಲ್ಲಿಗೆ ಹೋಗ್ಲಿ, ಇಲ್ಲೇ ಇದ್ದೀನಿ."

"ಅಪ್ಪ."

ಲೂಸಿಯೊನ ದೋಣಿ ಫೆಬ್ರವರಿಯ ಬಿರುಗಾಳಿಯಲ್ಲಿ ಬಂದರಿಗೆ ಹಿಂದಿರುಗದೆ ಹದಿನಾಲ್ಕು ತಿಂಗಳಾಗಿತ್ತು. ಅಂದಿನಿಂದ ಮನೆಯಲ್ಲಿ ಅವನ ಮಾತು ಯಾರೂ ಎತ್ತುತ್ತಿರಲಿಲ್ಲ. ಎತ್ತಿದರೆ ಮುದುಕಿ ಎದ್ದು ಅಡುಗೆಮನೆಗೆ ಹೋಗಿ, ಏನೂ ಕೇಳಿಸದಂತೆ ನಲ್ಲಿಯನ್ನು ಪೂರ್ತಿ ತಿರುಗಿಸಿಬಿಡುತ್ತಿದ್ದಳು. ಕಾರಿನಲ್ಲಿ ನಲ್ಲಿ ಇರಲಿಲ್ಲ.

ದೀಪ ಹಸಿರಾಯಿತು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ನಟೇರ್ಸಿಯ ಕಾರನ್ನು ಕದಲಿಸಲಿಲ್ಲ.

"ನೇರ ಹೋಗು," ಅಂದಳು ದಿಯೊಲಿಂಡಾ. ಆಮೇಲೆ ಮೊಮ್ಮಗಳ ಕಡೆ ಪೂರ್ತಿ ತಿರುಗಿ ಹೇಳಿದಳು: "ಇದ್ದಾನೆ."

ಈರಿಸ್‌ಗೆ ಅಷ್ಟು ಸಾಲದಾಯಿತು.

"ಒಬ್ರೇ ಅಲ್ಲ ಅಜ್ಜಿ," ಅಂದಳು. "ಎಲ್ರೂ ಒಟ್ಟಿಗೆ ಹೇಳ್ಬೇಕು."