ಬಾಡಿಗೆ ಮನೆಯ ಕಡಲು

“ಬಾಗಿಲು ತೆಗೀರೀ! ಮೀನಿನ ವಾಸನೆ ನಮ್ಮ ದೇವರ ಮನೆವರೆಗೂ ಬಂದಿದೆ!”

ಪ್ರಿಯಾ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲು ತೆಗೆದಳು. ಮನೆ ಮಾಲೀಕ ಅಂಜನಮೂರ್ತಿ ಚಪ್ಪಲಿ ಸಮೇತ ಒಳಗೆ ಬಂದ.

ಎರಡು ವರ್ಷದಲ್ಲಿ ಇದು ನಾಲ್ಕನೇ ಮನೆ. ಮೊದಲನೆಯವರು ಗೋಡೆಯ ಮೇಲಿನ ಬುದ್ಧನನ್ನು ನೋಡಿದ ಮರುದಿನವೇ ನೆಂಟರು ಬರುತ್ತಾರೆಂದರು. ಎರಡನೆಯವರು ಬಣ್ಣ ಹೊಡೆಸಬೇಕೆಂದರು. ಮೂರನೆಯವರು ಕಾರಣ ಹೇಳುವ ಗೋಜಿಗೇ ಹೋಗಲಿಲ್ಲ. ಒಳಕೋಣೆಯಲ್ಲಿ ಮಗಳು ಪೂಜಿತಾ ಓದುತ್ತಿದ್ದಳು. ಮುಂದಿನ ವಾರ ಹತ್ತನೇ ಕ್ಲಾಸಿನ ಪರೀಕ್ಷೆ. ರಾಮಮೂರ್ತಿ ನಗರದಲ್ಲಿ ಇನ್ನು ಯಾರ ಗೇಟು ತಟ್ಟುವುದು?

“ಕೀಲಿ ಕೊಡೋವಾಗ್ಲೇ ಹೇಳಿದ್ನಲ್ಲಮ್ಮ, ಮೀನು ಮಾಂಸ ಬೇಯಿಸೋ ಹಾಗಿಲ್ಲ ಅಂತ?”

“ಸರ್, ಅದು ಇದರ ವಾಸನೆ.” ಪ್ರಿಯಾ ಮೂಲೆಯ ಗಾಜಿನ ತೊಟ್ಟಿ ತೋರಿಸಿದಳು. ಒಂದೂವರೆ ಅಡಿ ಉಪ್ಪುನೀರು, ಒಂದು ಕಲ್ಲು, ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು. “ನಮ್ಮೆಜಮಾನ್ರು ಶಿವಾಜಿನಗರದಲ್ಲಿ ಸಾಕು ಮೀನಿನ ಅಂಗಡೀಲಿ ಇರೋದಲ್ವಾ. ಇವು ಸಮುದ್ರದ್ದು ಸರ್. ನೀರೂ ಹಾಗೇ ನಾರುತ್ತೆ.”

ಅಂಜನಮೂರ್ತಿ ನಂಬಲಿಲ್ಲ. ಅಡುಗೆಮನೆಗೆ ನುಗ್ಗಿ ಮುಚ್ಚಳ ಎತ್ತಿದ: ಬೇಳೆ ಸಾರು. ಫ್ರಿಜ್ ತೆಗೆದ: ಮೊಸರು, ಸೊಪ್ಪು. ಬಾಡಿಗೆ ಎಣಿಸಿಕೊಳ್ಳುವವನ ಮೂಗು ತನ್ನ ಅನ್ನದ ಪಾತ್ರೆಯೊಳಗೆ ಇಳಿಯುವುದನ್ನು ಪ್ರಿಯಾ ಹಲ್ಲು ಕಚ್ಚಿ ನೋಡಿದಳು.

ಅವನು ತಿರುಗಿ ಬಂದು ತೊಟ್ಟಿಯ ಮೇಲೆ ಬಗ್ಗಿದ. “ಥೂ! ಸಾಯಂಕಾಲದೊಳಗೆ ಇದನ್ನ ಎತ್ತಿಸಿ. ಇಲ್ಲಾಂದ್ರೆ ನೀವೂ ಖಾಲಿ ಮಾಡಿ.”

ಪ್ರಿಯಾ ತೊಟ್ಟಿಗೆ ಅಡ್ಡ ಬಂದಳು. “ಬೇಡ ಸರ್! ನೆಲ ಒರೆಸ್ತೀನಿ, ದಿನಾ ಊದುಬತ್ತಿ ಹಚ್ತೀನಿ. ತೊಟ್ಟಿ ಮಾತ್ರ ಇರಲಿ. ನಿಮ್ಮ ಕಾಲಿಗೆ ಬೀಳ್ತೀನಿ.” ಬಿದ್ದೇಬಿಟ್ಟಳು.

“ಅಯ್ಯೋ, ಬೆರಳುದ್ದದ ಮೀನಿಗೆ ಇಷ್ಟು ಅಳೋದೇನ್ರೀ!” ಅವನ ದನಿ ಮೆತ್ತಗಾಯಿತು. “ಏಳಿ, ಇರ್ಲಿ ಬಿಡಿ. ಮೂಕ ಜೀವಗಳ ಮೇಲೆ ಇಂಥ ಪ್ರೀತಿ ಇರೋರು ಈ ಕಾಲದಲ್ಲಿ ಎಲ್ಲಿದ್ದಾರೆ! ಸತ್ತದ್ದನ್ನ ಮಾತ್ರ ಮನೇಲಿ ಇಟ್ಕೋಬೇಡಿ.”

“ಒಂದು ಗಂಟೇನೂ ಇಡಲ್ಲ ಸರ್.”

ಹೆಜ್ಜೆಗಳು ಮೆಟ್ಟಿಲಿಳಿದವು. ಕೆಳಗಿನ ಬಾಗಿಲು ಹಾಕಿಕೊಂಡ ಸದ್ದಾಯಿತು. ಪ್ರಿಯಾ ಕಣ್ಣೊರೆಸಿಕೊಂಡು, ಬಚ್ಚಲಿನ ಕೊಳೆಬಟ್ಟೆಯ ರಾಶಿಯಡಿ ಕೈ ಹಾಕಿ, ಅರಿಶಿನ ಉಪ್ಪು ಸವರಿದ ಬಂಗುಡೆ ಮೀನಿನ ಡಬ್ಬಿ ಎಳೆದಳು.

“ಪೂಜಿ, ತೊಟ್ಟಿ ಮುಚ್ಚಳ ತೆಗೆದಿಡೇ. ಮೀನು ಒಲೆಗೆ ಹಾಕ್ತೀನಿ.”